ಅಂಗೈಯಲ್ಲಿ ಪಾಠ ಕೇಳಿದ ಹೆಲೆನ್ ಕೆಲರ್

ಗುರುಗಳು ಕರಿಹಲಗೆಯ ಮೇಲೆ ಬರೆದುದನ್ನು ನಾವು ಕಣ್ಣಿನಿಂದ ನೋಡುತ್ತೇವೆ, ಹೇಳಿದುದನ್ನು ಕಿವಿಯಿಂದ ಕೇಳುತ್ತೇವೆ. ಈ ಎರಡು ಬಾಗಿಲುಗಳೂ ಮುಚ್ಚಿಹೋದವರಿಗೆ ವಿದ್ಯೆ ದೊರೆಯುವುದು ಸಾಧ್ಯವೆ? ಅದರಲ್ಲಿಯೂ ವಿಶ್ವವಿದ್ಯಾಲಯದ ಪದವಿ ಸಾಧ್ಯವೆ? ಸಾಧ್ಯವೆಂದು ಲೋಕಕ್ಕೆ ತೋರಿಸಿಕೊಟ್ಟ ಮಹಿಳೆ ಹೆಲೆನ್ ಕೆಲರ್.

ಹೆಲೆನ್ 1880ರ ಜೂನ್ 27ರಂದು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರಿನಲ್ಲಿ ಜನಿಸಿದಳು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆಯೊಂದು ಆಕೆಯ ದೃಷ್ಟಿಯನ್ನೂ ಶ್ರವಣಶಕ್ತಿಯನ್ನೂ ಕಸಿದುಕೊಂಡಿತು. 1887ರ ಮಾರ್ಚ್ 3ರಂದು ಆನ್ ಸಲಿವನ್ ಎಂಬ ತರುಣಿ ಉಪಾಧ್ಯಾಯಿನಿಯಾಗಿ ಮನೆಗೆ ಬಂದರು. ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಕಲಿತಿದ್ದ ಅವರ ಕಣ್ಣುಗಳೂ ದುರ್ಬಲವಾಗಿದ್ದವು. ಅವರು ಮಗುವಿನ ಅಂಗೈಯಲ್ಲಿ ಬೆರಳುಗಳಿಂದ ಒಂದೊಂದೇ ಅಕ್ಷರವನ್ನು ಮೂಡಿಸತೊಡಗಿದರು. ಒಂದು ತಿಂಗಳ ಬಳಿಕ, ಏಪ್ರಿಲ್ 5ರಂದು, ಪಂಪಿನ ನೀರು ಒಂದು ಕೈಯ ಮೇಲೆ ಬೀಳುತ್ತಿರುವಾಗ ಇನ್ನೊಂದು ಕೈಯಲ್ಲಿ ಮೂಡಿದ ಅಕ್ಷರಗಳು ಆ ನೀರಿನ ಹೆಸರೆಂದು ಹೆಲೆನ್‌ಗೆ ಹೊಳೆಯಿತು. ಈ ಕಥೆಯನ್ನು ಎಲ್ಲರೂ ಬಲ್ಲರು. ಆಕೆ ಕಾಲೇಜು ಸೇರಿದ ಕಥೆಯನ್ನು ಬಲ್ಲವರು ಕಡಿಮೆ.

ಕಾಲೇಜಿಗೆ ಸಿದ್ಧಳಾಗಲು ಹೆಲೆನ್ 1896ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಪಟ್ಟಣದ ಹೆಣ್ಣುಮಕ್ಕಳ ಶಾಲೆಯೊಂದನ್ನು ಸೇರಿದಳು. ಅಲ್ಲಿದ್ದವರೆಲ್ಲರೂ ಕಣ್ಣು, ಕಿವಿ ನೆಟ್ಟಗಿದ್ದ ಹುಡುಗಿಯರು. ಶಿಕ್ಷಕರಿಗೆ ಇಂತಹ ವಿದ್ಯಾರ್ಥಿನಿಗೆ ಕಲಿಸಿದ ಅನುಭವವಿರಲಿಲ್ಲ. ಆದರೂ ಮುಖ್ಯೋಪಾಧ್ಯಾಯರಾದ ಆರ್ಥರ್ ಗಿಲ್ಮನ್ ಮತ್ತು ಜರ್ಮನ್ ಭಾಷೆಯ ಉಪಾಧ್ಯಾಯಿನಿ ಬೆರಳಿನ ಅಕ್ಷರಮಾಲೆಯನ್ನು ತಾವೇ ಕಲಿತರು. 1897ರ ಪರೀಕ್ಷೆಯಲ್ಲಿ ಗಿಲ್ಮನ್ನರು ಪ್ರಶ್ನೆಗಳನ್ನು ಹೆಲೆನ್ನಳ ಕೈಯಲ್ಲಿ ಬರೆದು ತಿಳಿಸಿದರು; ಆಕೆ ಉತ್ತರಗಳನ್ನು ಬೆರಳಚ್ಚು ಮಾಡಿದಳು. ಯಂತ್ರದ ಸದ್ದು ಇತರರಿಗೆ ತೊಂದರೆಯಾಗಬಾರದೆಂದು ಆಕೆಗೆ ಬೇರೆ ಕೊಠಡಿ ಕೊಟ್ಟಿದ್ದರು. ಬರೆದ ಉತ್ತರವನ್ನು ಗಿಲ್ಮನ್ನರು ಮತ್ತೆ ಓದಿ ಹೇಳಿದಾಗ ಆಕೆ ತಪ್ಪುಗಳನ್ನು ತಿದ್ದಿಕೊಂಡಳು. ಎಲ್ಲ ವಿಷಯಗಳಲ್ಲಿಯೂ ತೇರ್ಗಡೆ. ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ವಿಶೇಷ ಮನ್ನಣೆ.

ಗಣಿತ ಮಾತ್ರ ಕಷ್ಟವಾಯಿತು. ಕರಿಹಲಗೆಯ ಮೇಲಿನ ರೇಖಾಗಣಿತದ ಆಕೃತಿಗಳು ಆಕೆಗೆ ಕಾಣುವಂತಿರಲಿಲ್ಲ. ನೇರವಾದ ಮತ್ತು ಬಾಗಿದ ತಂತಿಗಳನ್ನು ಒಂದು ದಿಂಬಿನ ಮೇಲೆ ಜೋಡಿಸಿ, ಮುಟ್ಟಿ ಮುಟ್ಟಿ ತ್ರಿಕೋನ, ವೃತ್ತಗಳನ್ನು ಅರಿಯಬೇಕಾಗಿತ್ತು. ಮುಂದೆ ಆ ಶಾಲೆಯನ್ನು ಬಿಟ್ಟು, ಕೀತ್ ಎಂಬ ಉಪಾಧ್ಯಾಯರಲ್ಲಿ ಮನೆಪಾಠ ಹೇಳಿಸಿಕೊಂಡಳು.

1899ರ ಅಂತಿಮ ಪ್ರವೇಶ ಪರೀಕ್ಷೆಯಲ್ಲಿ ಕಾಲೇಜಿನವರು ಸಲಿವನ್ನರು ಪ್ರಶ್ನೆ ಓದಿಹೇಳುವುದಕ್ಕೆ ಒಪ್ಪಲಿಲ್ಲ. ಪ್ರಶ್ನೆಪತ್ರಿಕೆಗಳನ್ನು ಬ್ರೈಲ್ ಲಿಪಿಯಲ್ಲಿ ಮಾಡಿಸಿ ಕೊಟ್ಟರು. ಆದರೆ ಆಗ ಬ್ರೈಲ್ ಒಂದೇ ಬಗೆಯದಾಗಿರಲಿಲ್ಲ. ಹೆಲೆನ್ ಬೀಜಗಣಿತವನ್ನು ಕಲಿತದ್ದು ಇಂಗ್ಲಿಷ್ ಬ್ರೈಲಿನ ಚಿಹ್ನೆಗಳಲ್ಲಿ, ಪ್ರಶ್ನೆಗಳು ಬರಲಿದ್ದುದು ಅಮೆರಿಕನ್ ಬ್ರೈಲಿನಲ್ಲಿ. ಈ ಸಂಗತಿ ತಿಳಿದುದು ಪರೀಕ್ಷೆಗೆ ಎರಡೇ ದಿನ ಉಳಿದಿದ್ದಾಗ. ಆಕೆ ಕೂಡಲೇ ಪತ್ರ ಬರೆದು ಚಿಹ್ನೆಗಳ ಪಟ್ಟಿ ತರಿಸಿಕೊಂಡು ಅಭ್ಯಾಸಕ್ಕೆ ಕುಳಿತಳು. ಬರೆದ ಉತ್ತರವನ್ನು ಓದಿ ಹೇಳುವವರು ಈ ಸಲ ಯಾರೂ ಇರಲಿಲ್ಲ. ಆದರೂ ತೇರ್ಗಡೆಯಾದಳು. ಬುದ್ಧಿಗೆ ಒಡ್ಡಿದ ಪರೀಕ್ಷೆಗಿಂತ ತಾಳ್ಮೆಗೆ ಒಡ್ಡಿದ ಪರೀಕ್ಷೆಯೇ ದೊಡ್ಡದಾಗಿತ್ತು.

ಇನ್ನೊಂದು ವರ್ಷದ ವ್ಯಾಸಂಗದ ನಂತರ, 1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜನ್ನು ಸೇರಿದಳು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಅಲ್ಲಿಗೆ ಬಂದು ಪಾಠ ಹೇಳುತ್ತಿದ್ದರು. ಆನ್ ಸಲಿವನ್ ಪಕ್ಕದಲ್ಲಿ ಕುಳಿತು, ಕೇಳಿದುದನ್ನು ಅಷ್ಟೇ ವೇಗವಾಗಿ ಹೆಲೆನ್ನಳ ಅಂಗೈಗೆ ದಾಟಿಸುತ್ತಿದ್ದರು. ಕೈಯೇ ಕಿವಿಯಾದ ಮೇಲೆ ಅದೇ ಕೈಯಿಂದ ಟಿಪ್ಪಣಿ ಬರೆದುಕೊಳ್ಳುವುದು ಹೇಗೆ? ನೆನಪಿನಲ್ಲಿ ಉಳಿದುದನ್ನು ಮನೆಗೆ ಹೋಗಿ ಬೆರಳಚ್ಚು ಮಾಡಿಕೊಳ್ಳಬೇಕು. ಬೇಕಾದ ಪುಸ್ತಕಗಳಲ್ಲಿ ಬ್ರೈಲಿನಲ್ಲಿ ಸಿಗುತ್ತಿದ್ದವು ಕೆಲವೇ ಕೆಲವು. ಉಳಿದವನ್ನು ಸಲಿವನ್ ತಮ್ಮ ನೋಯುವ ಕಣ್ಣುಗಳಿಂದಲೇ ಓದಿ ತಿಳಿಸುತ್ತಿದ್ದರು.

ಪ್ರಾಧ್ಯಾಪಕರೆಲ್ಲರೂ ಘನ ವಿದ್ವಾಂಸರು. ಆದರೆ ತಮ್ಮ ಪಾಠ ಆ ಒಬ್ಬ ವಿದ್ಯಾರ್ಥಿನಿಯನ್ನು ಹೇಗೆ ಮುಟ್ಟುತ್ತಿದೆ ಎಂದು ನೋಡುವ ಶಿಕ್ಷಣ ಅವರಿಗೆ ದೊರೆತಿರಲಿಲ್ಲ. ಹೆಲೆನ್ನಳೊಡನೆ ನೇರವಾಗಿ ಮಾತಾಡಲೆಂದು ಬೆರಳಿನ ಅಕ್ಷರಮಾಲೆಯನ್ನು ಕಲಿತ ಪ್ರಾಧ್ಯಾಪಕರು ಒಬ್ಬರೇ: ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ವಿಲಿಯಂ ಅಲನ್ ನೀಲ್ಸನ್. ಅವರು ಮುಂದೆ ಸ್ಮಿತ್ ಕಾಲೇಜಿನ ಅಧ್ಯಕ್ಷರಾದರು. ಅವರ ಆ ಚಿಕ್ಕ ಶ್ರಮವನ್ನು ಹೆಲೆನ್ ಜೀವಮಾನವಿಡೀ ನೆನೆದರು.

ಕಾಲೇಜಿನಲ್ಲಿರುವಾಗಲೇ, 1903ರಲ್ಲಿ, ಅವರ ಆತ್ಮಕಥೆ ಪುಸ್ತಕವಾಗಿ ಹೊರಬಂದಿತು. 1904ರಲ್ಲಿ ಗೌರವಶ್ರೇಣಿಯೊಡನೆ ಬಿ.ಎ. ಪದವಿ ಪಡೆದು, ಕಣ್ಣು ಕಿವಿಗಳೆರಡೂ ಇಲ್ಲದೆ ಆ ಪದವಿಯನ್ನು ಗಳಿಸಿದ ಮೊದಲಿಗರೆನಿಸಿದರು. ನಾಲ್ಕು ವರ್ಷ ಪ್ರತಿಯೊಂದು ಪಾಠವನ್ನೂ ಕೇಳಿದ್ದ ಸಲಿವನ್ನರಿಗೆ ಆಗ ಯಾವ ಪದವಿಯೂ ಸಿಗಲಿಲ್ಲ. ಅವರು 1936ರಲ್ಲಿ ತೀರಿಕೊಂಡರು.

ಹೆಲೆನ್ ಉಳಿದ ಬಾಳನ್ನು ಅಂಧರ ಏಳಿಗೆಗಾಗಿ ಮುಡಿಪಿಟ್ಟು ದೇಶದೇಶಗಳನ್ನು ಸುತ್ತಿದರು. 1955ರಲ್ಲಿ ನಮ್ಮ ಭಾರತಕ್ಕೂ ಬಂದಿದ್ದರು. ಅದೇ ವರ್ಷ ಹಾರ್ವರ್ಡ್ ಅವರಿಗೆ ಗೌರವ ಪದವಿ ನೀಡಿತು. ಆ ವಿಶ್ವವಿದ್ಯಾಲಯದಿಂದ ಗೌರವ ಪದವಿ ಪಡೆದ ಮೊದಲ ಮಹಿಳೆ ಅವರೇ. 1968ರ ಜೂನ್ 1ರಂದು ಅವರು ನಿಧನರಾದರು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಉನ್ನತ ಶಿಕ್ಷಣದಲ್ಲಿ ವಿಕಲಚೇತನರಿಗೆ ಶೇಕಡಾ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಡಬೇಕೆನ್ನುತ್ತದೆ. ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ಶಿಕ್ಷಕರ ತರಬೇತಿಯಲ್ಲಿ ಅಂಗವೈಕಲ್ಯದ ವಿಷಯವೂ ಸೇರಬೇಕೆಂದು ವಿಧಿಸುತ್ತದೆ. ಸ್ಥಾನ ಕೊಟ್ಟರೆ ಸಾಲದು, ಕಲಿಸಲು ಬಲ್ಲ ಗುರುಗಳೂ ಬೇಕೆಂಬುದು ಇದರ ಅರ್ಥ. ಪ್ರತಿಯೊಬ್ಬರಿಗೂ ಒಬ್ಬ ಸಲಿವನ್ ಸಿಗುವುದಿಲ್ಲ. ಆದರೆ ಪ್ರತಿಯೊಬ್ಬ ಅಧ್ಯಾಪಕನೂ ನೀಲ್ಸನ್ನರಷ್ಟು ಕಲಿಯಬಹುದು. ವಿದ್ಯಾರ್ಥಿಗಳೇ, ನಿಮ್ಮಲ್ಲಿಯೂ ಕೆಲವರು ನಾಳೆ ಗುರುಗಳಾಗುವಿರಿ. ಆಗ ನಿಮ್ಮ ತರಗತಿಯಲ್ಲಿ ಕಾಣದ, ಕೇಳದ ಮಗುವೊಂದಿದ್ದರೆ ಅದರ ಭಾಷೆಯನ್ನು ಮೊದಲು ನೀವು ಕಲಿಯಿರಿ.