ಆಟದ ಅಂಗಳದ ಸಂತ: ಜಾನ್ ಬೋಸ್ಕೊ

ಧರ್ಮಸಭೆಯ ಸಂತರಲ್ಲಿ ಕೆಲವರು ಏಕಾಂತದ ಗುಹೆಗಳಲ್ಲಿ ತಪಗೈದು ದೇವರನ್ನು ಕಂಡರು. ಕೆಲವರು ರಕ್ತಸಾಕ್ಷಿಗಳಾಗಿ ಪ್ರಾಣವನ್ನೇ ಅರ್ಪಿಸಿದರು. ಇನ್ನು ಕೆಲವರು ಗ್ರಂಥಗಳನ್ನು ರಚಿಸಿ ವಿಶ್ವಾಸಕ್ಕೆ ಬೆಳಕು ನೀಡಿದರು. ಆದರೆ ಮಕ್ಕಳ ಗದ್ದಲದ ನಡುವೆ, ಧೂಳೆದ್ದ ಆಟದ ಬಯಲಿನಲ್ಲಿ ನಿಂತು, ಅವರೊಡನೆ ಓಡುತ್ತ ನಗುತ್ತ ಪಾವಿತ್ರ್ಯದ ಶಿಖರವನ್ನೇರಿದ ಸಂತರು ವಿರಳ. ಅಂತಹ ವಿರಳರಲ್ಲಿ ಅಗ್ರಗಣ್ಯರು ಸಂತ ಜಾನ್ ಬೋಸ್ಕೊ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನಮ್ಮ ಕಥೋಲಿಕ ಮನೆಗಳ ಮಕ್ಕಳು ಭಾನುವಾರ ಬಲಿಪೂಜೆ ಮುಗಿಸಿ ಧರ್ಮೋಪದೇಶದ ತರಗತಿಯಲ್ಲಿ ಕುಳಿತಾಗ ಅವರ ಕಣ್ಣು ಹೊರಗಿನ ಬಯಲಿನತ್ತ ಹರಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಟವು ಧರ್ಮೋಪದೇಶಕ್ಕೆ ಅಡ್ಡಿಯೇ, ಇಲ್ಲವೇ ಅದಕ್ಕೆ ಬಾಗಿಲೇ? ಈ ಪ್ರಶ್ನೆಗೆ ತಮ್ಮ ಇಡೀ ಜೀವನವನ್ನೇ ಉತ್ತರವಾಗಿ ನೀಡಿದವರು ಈ ಮಹನೀಯರು.

ಉತ್ತರ ಇಟಲಿಯ ಪಿಯೆಮೊಂಟ್ ಪ್ರಾಂತದಲ್ಲಿ ಕಾಸ್ಟೆಲ್‌ನುವೋವೊ ಎಂಬ ಊರಿಗೆ ಸೇರಿದ ಬೆಕ್ಕಿ ಎಂಬುದೊಂದು ಸಣ್ಣ ಹಳ್ಳಿ. ಅಲ್ಲಿನ ಬಡ ರೈತ ಕುಟುಂಬವೊಂದರಲ್ಲಿ 1815ರ ಆಗಸ್ಟ್ 16ರಂದು ಜಾನ್ ಜನಿಸಿದನು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ಫ್ರಾನ್ಸಿಸ್ ತೀರಿಕೊಂಡರು. ತಾಯಿ ಮಾರ್ಗರೀಟಾ ಓದುಬರಹ ಬಲ್ಲವರಲ್ಲ. ಆದರೆ ದೈವಭಕ್ತಿಯಲ್ಲಿಯೂ ದುಡಿಮೆಯಲ್ಲಿಯೂ ಯಾರಿಗೂ ಕಡಿಮೆಯಾಗಿರಲಿಲ್ಲ. ಮಲಮಗ ಆಂಟನಿ, ಮಕ್ಕಳಾದ ಜೋಸೆಫ್ ಮತ್ತು ಜಾನ್, ಈ ಮೂವರನ್ನೂ ಆಕೆ ಹೊಲದ ದುಡಿಮೆಯಿಂದಲೇ ಸಾಕಿದರು. ಜಾನನಿಗೆ ಮೊದಲ ಧರ್ಮೋಪದೇಶಕಿಯೂ ಈ ತಾಯಿಯೇ.

ಒಂಬತ್ತನೆಯ ವಯಸ್ಸಿನಲ್ಲಿ ಜಾನನಿಗೆ ಒಂದು ಕನಸಾಯಿತು. ವಿಶಾಲವಾದ ಅಂಗಳವೊಂದರಲ್ಲಿ ಅನೇಕ ಹುಡುಗರು ಆಡುತ್ತಿದ್ದರು. ಅವರಲ್ಲಿ ಹಲವರ ಬಾಯಿಂದ ದೇವದೂಷಣೆಯ ಮಾತು ಹೊರಡುತ್ತಿದ್ದಿತು. ಜಾನ್ ಸಿಟ್ಟಿಗೆದ್ದು ಅವರ ಮೇಲೆ ಮುಷ್ಟಿ ಬೀಸಿದನು. ಆಗ ತೇಜಸ್ವಿಯಾದ ಪುರುಷನೊಬ್ಬನು ಕಾಣಿಸಿಕೊಂಡು, ಹೊಡೆತದಿಂದಲ್ಲ, ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಇವರನ್ನು ಗೆಲ್ಲಬೇಕೆಂದು ಬೋಧಿಸಿದನು. ಆತನ ಬಳಿಯಲ್ಲಿ ಮಹಿಮಾನ್ವಿತಳಾದ ಮಾತೆಯೊಬ್ಬಳು ನಿಂತಿದ್ದಳು. ನೋಡುನೋಡುತ್ತಿದ್ದಂತೆ ಕಾಡುಮೃಗಗಳು ಕುರಿಮರಿಗಳಾಗಿ ಮಾರ್ಪಟ್ಟವು. ಈ ಕನಸಿನ ಪೂರ್ಣ ಅರ್ಥವು ಜಾನನಿಗೆ ತಿಳಿಯಲು ಬಹುಕಾಲವೇ ಬೇಕಾಯಿತು.

ಹಳ್ಳಿಯ ಹುಡುಗರನ್ನು ಕೆಟ್ಟ ದಾರಿಯಿಂದ ದೂರವಿರಿಸಲು ಬಾಲಕ ಜಾನ್ ಕಂಡುಕೊಂಡ ಉಪಾಯವು ಸ್ವಾರಸ್ಯಕರವಾದುದು. ನಮ್ಮ ಊರುಗಳ ಸಂತೆ ಜಾತ್ರೆಗಳಲ್ಲಿ ದೊಂಬರಾಟ ನಡೆಯುವಂತೆ ಅಲ್ಲಿಯೂ ಕಸರತ್ತಿನವರೂ ಕೈಚಳಕದವರೂ ಬರುತ್ತಿದ್ದರು. ಜಾನ್ ಅವರ ಪ್ರತಿಯೊಂದು ಚಲನೆಯನ್ನೂ ಗಮನಿಸಿ, ಮನೆಗೆ ಬಂದು, ಬಿದ್ದು ಎದ್ದು ಅಭ್ಯಾಸ ಮಾಡುತ್ತಿದ್ದನು. ಬೆಕ್ಕಿಯ ಹುಲ್ಲುಗಾವಲಿನಲ್ಲಿದ್ದ ಒಂದು ಪೇರಳೆ ಜಾತಿಯ ಮರಕ್ಕೂ ಇನ್ನೊಂದು ಮರಕ್ಕೂ ಹಗ್ಗ ಬಿಗಿದು ಅದರ ಮೇಲೆ ನಡೆಯುತ್ತಿದ್ದನು, ಲಾಗ ಹಾಕುತ್ತಿದ್ದನು, ತಲೆಕೆಳಗಾಗಿ ಕೈಗಳ ಮೇಲೆ ನಡೆಯುತ್ತಿದ್ದನು, ನೋಡುವವರ ಮೂಗಿನಿಂದ ನಾಣ್ಯ ತೆಗೆದು ನಗಿಸುತ್ತಿದ್ದನು. ಈ ಪ್ರದರ್ಶನಕ್ಕೆ ಹಣದ ಶುಲ್ಕವಿರಲಿಲ್ಲ, ಆದರೆ ಒಂದು ನಿಯಮವಿದ್ದಿತು. ಮೊದಲು ಎಲ್ಲರೂ ಕೂಡಿ ಜಪಸರ ಹೇಳಬೇಕು, ಒಂದು ಭಕ್ತಿಗೀತೆ ಹಾಡಬೇಕು; ಬೆಳಿಗ್ಗೆ ಗುರುಗಳು ನೀಡಿದ ಪ್ರಬೋಧನೆಯನ್ನು ಜಾನ್ ಒಂದು ಕುರ್ಚಿಯ ಮೇಲೆ ನಿಂತು ನೆನಪಿನಿಂದ ಪುನಃ ಹೇಳುವುದನ್ನು ಕೇಳಬೇಕು. ಪ್ರಾರ್ಥನೆಗೆ ಒಪ್ಪದವನಿಗೆ ಆಟ ನೋಡುವ ಹಕ್ಕಿರಲಿಲ್ಲ. ಆ ಬಯಲೇ ಆತನ ಮೊದಲ ಧರ್ಮೋಪದೇಶ ಶಾಲೆಯಾಯಿತೆಂದರೆ ತಪ್ಪಾಗಲಾರದು.

ವಿದ್ಯಾಭ್ಯಾಸದ ಹಾದಿ ಸುಗಮವಾಗಿರಲಿಲ್ಲ. ರೈತನ ಮಗನಿಗೆ ಓದು ಏತಕ್ಕೆಂಬುದು ಅಣ್ಣ ಆಂಟನಿಯ ವಾದ. ಮನೆಯ ಜಗಳ ತಪ್ಪಿಸಲು ಜಾನ್ 1828ರಲ್ಲಿ ಪರರ ಹೊಲಮನೆಯೊಂದರಲ್ಲಿ ಆಳಾಗಿ ದುಡಿಯಬೇಕಾಯಿತು. ಮುಂದೆ 1831ರಲ್ಲಿ ಕಿಯೇರಿ ಪಟ್ಟಣದ ಶಾಲೆಗೆ ಸೇರಿ, ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ ಓದನ್ನು ಮುಂದುವರಿಸಿದನು. ಅಲ್ಲಿ ಸಹಪಾಠಿಗಳನ್ನು ಕೂಡಿಸಿ ಆನಂದ ಸಂಘವೆಂಬ ಒಂದು ಬಳಗವನ್ನು ಕಟ್ಟಿದನು. ಅದಕ್ಕೆ ಎರಡೇ ನಿಯಮಗಳು: ಕ್ರೈಸ್ತನಿಗೆ ತಕ್ಕುದಲ್ಲದ ನುಡಿಯಾಗಲಿ ನಡೆಯಾಗಲಿ ಇರಕೂಡದು; ಓದಿನ ಮತ್ತು ಧರ್ಮದ ಕರ್ತವ್ಯಗಳನ್ನು ತಪ್ಪದೆ ಪಾಲಿಸಬೇಕು. ಈ ಎರಡರ ಎಲ್ಲೆಯೊಳಗೆ ಆಟ, ಹಾಡು, ಕಥೆ, ನಗೆ ಎಲ್ಲಕ್ಕೂ ಅವಕಾಶವಿದ್ದಿತು. ಹಬ್ಬದ ದಿನಗಳಲ್ಲಿ ಬಳಗದವರೆಲ್ಲರೂ ಯೇಸುಸಭೆಯ ಗುರುಗಳ ಧರ್ಮೋಪದೇಶಕ್ಕೆ ಕೂಡಿ ಹೋಗುತ್ತಿದ್ದರು.

ಆ ದಿನಗಳಲ್ಲಿ ಕಿಯೇರಿಗೆ ಬಂದ ಕಸರತ್ತಿನವನೊಬ್ಬನು ಇಡೀ ಪಟ್ಟಣವನ್ನು ಬೆರಗುಗೊಳಿಸಿದ್ದನು. ಜಾನ್ ಅವನೊಡನೆ ಪಂದ್ಯ ಕಟ್ಟಿದನು. ಓಟದಲ್ಲಿ ಇಪ್ಪತ್ತು ಲಿರೆ, ಕಾಲುವೆ ಹಾರುವುದರಲ್ಲಿ ನಲವತ್ತು, ಕೈಯಲ್ಲಿ ಕೋಲಾಡಿಸುವುದರಲ್ಲಿ ಎಂಬತ್ತು ಹೀಗೆ ಪಣ ಏರುತ್ತ ಹೋಯಿತು. ಮೂರರಲ್ಲಿಯೂ ಜಾನನೇ ಗೆದ್ದನು. ಕೊನೆಗೆ ನೂರು ಲಿರೆಯ ಪಣಕ್ಕೆ ಎತ್ತರದ ಮರವೊಂದರ ತುದಿ ಮುಟ್ಟುವ ಪಂದ್ಯ. ಕಸರತ್ತಿನವನು ಕೊಂಬೆ ಬಾಗುವಷ್ಟು ಮೇಲಕ್ಕೇರಿದನು. ಜಾನ್ ಅದೇ ಜಾಗಕ್ಕೇರಿ, ಕೊಂಬೆಯನ್ನು ಕೈಗಳಿಂದ ಬಿಗಿಹಿಡಿದು, ಕಾಲುಗಳನ್ನು ಮೇಲಕ್ಕೆತ್ತಿ ಎದುರಾಳಿಗಿಂತ ಎತ್ತರವನ್ನು ಮುಟ್ಟಿದನು. ಸೋತವನು ಹಣವನ್ನೆಲ್ಲ ಕಳೆದುಕೊಂಡು ಕಂಗಾಲಾಗಿ ನಿಂತಾಗ ಬಳಗದ ಹುಡುಗರು ಅವನಿಗೆ ಹಣವನ್ನು ಹಿಂದಿರುಗಿಸಿದರು. ಪ್ರತಿಯಾಗಿ ಎಲ್ಲರಿಗೂ ಒಂದು ಊಟ ಹಾಕಿಸಿದರೆ ಸಾಕೆಂದರು. ಗೆದ್ದವನ ಧರ್ಮ ಯಾವುದೆಂಬುದನ್ನು ಆ ಹುಡುಗರು ಆಟದಲ್ಲಿಯೇ ಕಲಿತರು.

1835ರಲ್ಲಿ ಗುರುಮಠ ಸೇರಿ ನಿಲುವಂಗಿ ಧರಿಸಿದಾಗ, ಕೈಚಳಕ, ಹಗ್ಗದ ನಡಿಗೆ, ಜಾತ್ರೆಯ ಆಟಗಳು ಆ ಪದವಿಯ ಗಾಂಭೀರ್ಯಕ್ಕೆ ಒಪ್ಪವೆಂದು ಜಾನ್ ಅವೆಲ್ಲವನ್ನೂ ಬಿಡಲು ಸಂಕಲ್ಪಿಸಿದನು. ಆದರೆ ದೇವರ ಯೋಜನೆ ಬೇರೆಯಾಗಿದ್ದಿತು. ಆತನು ಬಿಟ್ಟುಕೊಟ್ಟ ಆ ಆಟಗಳನ್ನೇ ದೇವರು ಮುಂದೆ ಬಡ ಮಕ್ಕಳ ಸಲುವಾಗಿ ಆತನ ಕೈಗೆ ಮರಳಿ ನೀಡಿದರು.

1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದ ಜಾನ್, ಅಂದಿನಿಂದ ಡಾನ್ ಬೋಸ್ಕೊ ಎನಿಸಿದರು. ಡಾನ್ ಎಂಬುದು ಇಟಲಿಯಲ್ಲಿ ಗುರುಗಳನ್ನು ಸಂಬೋಧಿಸುವ ಗೌರವದ ಮಾತು. ಹಿರಿಯ ಗುರು ಜೋಸೆಫ್ ಕಫಾಸೊ ಅವರೊಡನೆ ಸೆರೆಮನೆಗಳಿಗೆ ಹೋದಾಗ, ಹನ್ನೆರಡರಿಂದ ಹದಿನೆಂಟು ವಯಸ್ಸಿನ ಎಷ್ಟೋ ಹುಡುಗರನ್ನು ಅಲ್ಲಿ ಕಂಡು ಅವರ ಹೃದಯ ಮರುಗಿತು. ಹೊರಗೆ ಇವರನ್ನು ಪ್ರೀತಿಯಿಂದ ಕಾಣುವ ಒಬ್ಬ ಹಿತೈಷಿ ಇದ್ದಿದ್ದರೆ ಈ ಗತಿ ಬರುತ್ತಿರಲಿಲ್ಲವೆಂದು ಅವರಿಗೆ ಮನವರಿಕೆಯಾಯಿತು. ಅದೇ ವರ್ಷ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದಂದು, ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಪೂಜೆಗೆ ನೆರವಾಗಲು ತಿಳಿಯದ ಬಡ ಹುಡುಗನೊಬ್ಬನನ್ನು ದೇವಾಲಯದ ಸೇವಕನು ಹೊಡೆದಟ್ಟಿದನು. ಡಾನ್ ಬೋಸ್ಕೊ ಅವನನ್ನು ಮರಳಿ ಕರೆಸಿದರು. ಅವನು ಬಾರ್ತಲೋಮಿಯೊ ಗರೆಲ್ಲಿ, ಹದಿನಾರರ ಅನಾಥ, ಕಟ್ಟಡದ ಕೂಲಿ. ತನಗಿಂತ ಚಿಕ್ಕವರೇ ಹೆಚ್ಚು ಬಲ್ಲರೆಂಬ ನಾಚಿಕೆಯಿಂದ ಧರ್ಮೋಪದೇಶಕ್ಕೆ ಹೋಗದೆ ಉಳಿದವನು. ಅಂದು ಶಿಲುಬೆಯ ಗುರುತು ಹಾಕುವುದರಿಂದ ಅವನ ಪಾಠ ಆರಂಭವಾಯಿತು. ಮುಂದಿನ ಭಾನುವಾರಗಳಲ್ಲಿ ಅವನ ಹಿಂದೆ ಇನ್ನಷ್ಟು ಹುಡುಗರು ಬಂದರು. ಪ್ರಾರ್ಥನಾಲಯ ಎಂಬರ್ಥದ ಒರೆಟರಿ ಎಂಬ ಹೆಸರಿನಿಂದ ಈ ಮಕ್ಕಳ ಕೂಟ ಪ್ರಸಿದ್ಧವಾಯಿತು.

ಮಕ್ಕಳು ನೂರಾರಾದರು, ಆದರೆ ಅವರಿಗೆ ನಿಲ್ಲಲು ನೆಲೆಯಿರಲಿಲ್ಲ. ಗದ್ದಲವೆಂದು ಒಂದು ಕಡೆ, ಹಾಳುಮಾಡುತ್ತಾರೆಂದು ಇನ್ನೊಂದು ಕಡೆ, ಹೀಗೆ ಊರೆಲ್ಲ ಅಲೆದಾಡಬೇಕಾಯಿತು. ಬಾಡಿಗೆಗೆ ಹಿಡಿದ ಹುಲ್ಲುಗಾವಲಿನ ಒಡೆಯರು ಸಹ, ಮಕ್ಕಳ ತುಳಿತಕ್ಕೆ ಹುಲ್ಲಿನ ಬೇರೂ ಉಳಿಯದೆಂದು ಜಾಗ ಬಿಡಿಸಿದರು. ನಗರಾಧಿಕಾರಿಗಳು ಈ ಗುಂಪನ್ನು ಸಂಶಯದಿಂದ ನೋಡಿ ಕಾವಲಿನವರನ್ನು ಕಳುಹಿಸಿದರು. ಕೆಲವು ಗುರುಗಳಂತೂ ಡಾನ್ ಬೋಸ್ಕೊ ಅವರಿಗೆ ಬುದ್ಧಿಭ್ರಮಣೆಯಾಗಿದೆಯೆಂದೇ ಬಗೆದರು. 1846ರ ಗರಿಗಳ ಭಾನುವಾರದಂದು ಮಕ್ಕಳು ಆಡುತ್ತಿರಲು, ಮುಂದಿನ ವಾರ ಇವರನ್ನು ಎಲ್ಲಿಗೆ ಕರೆದೊಯ್ಯಲೆಂದು ಆ ಗುರುಗಳು ಬಯಲಿನಲ್ಲಿ ಒಬ್ಬರೇ ಕಣ್ಣೀರಿಟ್ಟರು. ಅಂದೇ ಸಂಜೆ ವಾಲ್ಡೊಕೊ ಎಂಬಲ್ಲಿ ಪಿನಾರ್ಡಿ ಎಂಬವರ ತಗ್ಗಾದ ಕೊಟ್ಟಿಗೆಯೊಂದು ದೊರೆಯಿತು. ಏಪ್ರಿಲ್ 12ರ ಪಾಸ್ಕ ಹಬ್ಬದಂದು ಅದು ಪ್ರಾರ್ಥನಾಲಯವಾಯಿತು. ಅದರ ಸುತ್ತಣ ನೆಲ ಆಟದ ಅಂಗಳವಾಯಿತು.

ಅಲ್ಲಿನ ಭಾನುವಾರದ ಕ್ರಮವನ್ನು ನಾವು ಗಮನಿಸಬೇಕು. ಬೆಳಿಗ್ಗೆ ಪಾಪನಿವೇದನೆ, ಬಲಿಪೂಜೆ; ಆಮೇಲೆ ಆಟ. ಮಧ್ಯಾಹ್ನ ಧರ್ಮೋಪದೇಶ, ಜಪಸರ, ಆಶೀರ್ವಾದ. ಮತ್ತೆ ಕತ್ತಲಾಗುವವರೆಗೆ ಆಟ. ಬಿಲ್ಲೆಗಳು, ಮರಗಾಲುಗಳು, ಮರದ ಕತ್ತಿಗಳು, ವ್ಯಾಯಾಮದ ಸಾಮಗ್ರಿಗಳು ಅಲ್ಲಿದ್ದವು. ಡಾನ್ ಬೋಸ್ಕೊ ಆ ಅಂಗಳದಲ್ಲಿ ಬರಿಯ ಕಾವಲುಗಾರರಾಗಿ ನಿಲ್ಲಲಿಲ್ಲ. ಆಡುತ್ತ ಆಡುತ್ತ ಒಬ್ಬನ ಬಳಿ ಸಾರಿ, ವಿಧೇಯತೆಯ ಬಗ್ಗೆ ಕಿವಿಯಲ್ಲಿ ಒಂದು ಮಾತು. ಮತ್ತೊಬ್ಬನಿಗೆ ಧರ್ಮೋಪದೇಶಕ್ಕೆ ಹೊತ್ತಿಗೆ ಸರಿಯಾಗಿ ಬರುವಂತೆ ಸೂಚನೆ. ಇನ್ನೊಬ್ಬನಿಗೆ ಪಾಪನಿವೇದನೆಗೆ ಕರೆ. ಪ್ರಬೋಧನಾ ಪೀಠದಿಂದ ಎಲ್ಲರಿಗೂ ಹೇಳಿದ ಮಾತು ಕಿವಿಯಲ್ಲಿ ಉಳಿಯದೆ ಹೋಗಬಹುದು. ಆಟದ ನಡುವೆ ತನಗೊಬ್ಬನಿಗೇ ಹೇಳಿದ ಪ್ರೀತಿಯ ಮಾತು ಹೃದಯವನ್ನು ಮುಟ್ಟುತ್ತದೆ. ಇದೇ ಅವರ ವಿಧಾನದ ಗುಟ್ಟು.

ಈ ಸೇವೆಗೆ ಬೆಲೆಯೂ ತೆರಬೇಕಾಗಿದ್ದಿತು. 1846ರ ನವೆಂಬರಿನಲ್ಲಿ ತಾಯಿ ಮಾರ್ಗರೀಟಾ ಹಳ್ಳಿಯ ಮನೆಯನ್ನು ಬಿಟ್ಟು, ಮಗನ ಅನಾಥ ಮಕ್ಕಳಿಗೆ ತಾಯಿಯಾಗಲು ಟ್ಯೂರಿನ್ನಿಗೆ ಬಂದರು. ಆಕೆ ಅಂಗಳದ ಒಂದು ಭಾಗದಲ್ಲಿ ಬೇಲಿ ಕಟ್ಟಿ ತರಕಾರಿ ಬೆಳೆದಿದ್ದರು. ಒಂದು ದಿನ ಹುಡುಗರು ಎರಡು ಪಡೆಗಳಾಗಿ ಯುದ್ಧದ ಆಟ ಆಡುವಾಗ, ಓಡಿದವರೂ ಬೆನ್ನಟ್ಟಿದವರೂ ಬೇಲಿ ಮುರಿದು ನುಗ್ಗಿ ತೋಟವನ್ನೆಲ್ಲ ತುಳಿದು ಹಾಕಿದರು. ಇಂತಹ ಹಾವಳಿಗಳಿಂದ ಬೇಸತ್ತು ಆ ತಾಯಿ ಒಮ್ಮೆ ತನ್ನ ಹಳ್ಳಿಗೆ ಮರಳಲು ಮಗನ ಅಪ್ಪಣೆ ಬೇಡಿದರು. ಡಾನ್ ಬೋಸ್ಕೊ ಮಾತನಾಡದೆ ಗೋಡೆಯ ಮೇಲಿನ ಶಿಲುಬೆಯನ್ನು ತೋರಿಸಿದರು. ತಾಯಿಯ ಕಣ್ಣು ತುಂಬಿತು. ಮತ್ತೆ ಕೆಲಸಕ್ಕೆ ಹೊರಟರು. 1856ರಲ್ಲಿ ಮರಣಹೊಂದುವವರೆಗೂ ಆಕೆ ಅಲ್ಲಿಯೇ ಉಳಿದರು. ಮಕ್ಕಳ ನಗುವಿನ ಹಿಂದೆ ಹಿರಿಯರ ಮೌನತ್ಯಾಗ ಇರಲೇಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆ ಅಂಗಳದಲ್ಲಿ ಅರಳಿದ ಹೂವು ಸಂತ ದೊಮಿನಿಕ್ ಸಾವಿಯೊ. 1854ರಲ್ಲಿ ಹನ್ನೆರಡರ ಹರೆಯದಲ್ಲಿ ಬಂದ ಈ ಬಾಲಕನು, ಸಂತನಾಗಬೇಕೆಂಬ ಪ್ರಬೋಧನೆಯನ್ನು ಕೇಳಿ, ಆಟವನ್ನು ತೊರೆದು ಗಂಭೀರನಾಗಿ ಇರತೊಡಗಿದನು. ಡಾನ್ ಬೋಸ್ಕೊ ಅವನನ್ನು ಕರೆದು, ಹರ್ಷದಿಂದಿರಲು, ಕರ್ತವ್ಯಗಳನ್ನು ಪಾಲಿಸಲು, ಗೆಳೆಯರೊಡನೆ ತಪ್ಪದೆ ಆಡಲು ತಿಳಿಸಿದರು. ಮುಂದೆ ಹೊಸದಾಗಿ ಬಂದು ಒಬ್ಬಂಟಿಯಾಗಿ ಆಟ ನೋಡುತ್ತ ನಿಂತ ಹುಡುಗನೊಬ್ಬನನ್ನು ಕಂಡಾಗ ದೊಮಿನಿಕನೇ ಬಳಿಗೆ ಹೋಗಿ ಸ್ನೇಹ ಬೆಳೆಸಿದನು. 1857ರ ಮಾರ್ಚ್ 9ರಂದು, ಹದಿನೈದು ತುಂಬುವ ಮೊದಲೇ ದೇವರ ಪಾದ ಸೇರಿದ ಈ ಬಾಲಕನನ್ನು 1954ರಲ್ಲಿ ಧರ್ಮಸಭೆ ಸಂತರ ಸಾಲಿಗೆ ಸೇರಿಸಿತು.

1859ರಲ್ಲಿ ಸಲೇಷಿಯನ್ ಸಭೆ, 1872ರಲ್ಲಿ ಸಂತ ಮರಿಯ ಮಜ್ಜರೆಲ್ಲೊ ಅವರೊಡನೆ ಕನ್ಯಾಸ್ತ್ರೀಯರ ಸಭೆ ಹುಟ್ಟಿದವು. ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಕಂಬಗಳ ಮೇಲೆ ನಿಂತ ತಮ್ಮ ಶಿಕ್ಷಣಕ್ರಮವನ್ನು ಡಾನ್ ಬೋಸ್ಕೊ 1877ರಲ್ಲಿ ಬರೆದಿಟ್ಟರು. ಮಕ್ಕಳಿಗೆ ನೆಗೆಯಲು, ಓಡಲು, ಗದ್ದಲ ಮಾಡಲು ಧಾರಾಳ ಸ್ವಾತಂತ್ರ್ಯವಿರಬೇಕು. ಪಾಪವೊಂದು ಮಾತ್ರ ಇರಕೂಡದೆಂಬ ಸಂತ ಫಿಲಿಪ್ ನೇರಿ ಅವರ ತತ್ವವನ್ನೇ ಅವರೂ ಅನುಸರಿಸಿದರು.

ಆದರೆ ಆಟದ ಬಯಲೊಂದಿದ್ದರೆ ಸಾಲದು. ಇದನ್ನು ಅವರು ಮುಪ್ಪಿನಲ್ಲಿ ನೋವಿನಿಂದ ಕಂಡುಕೊಂಡರು. 1884ರ ಮೇ 10ರಂದು ರೋಮಿನಿಂದ ಬರೆದ ಪತ್ರದಲ್ಲಿ ತಾವು ಕಂಡ ಎರಡು ಅಂಗಳಗಳ ಕನಸನ್ನು ಅವರು ವಿವರಿಸಿದ್ದಾರೆ. ಮೊದಲನೆಯದು ಹಳೆಯ ದಿನಗಳ ಅಂಗಳ. ಅಲ್ಲಿ ಓಟ, ಚೆಂಡು, ನೆಗೆತ. ಒಂದೆಡೆ ಗುರುವೊಬ್ಬರು ಕಥೆ ಹೇಳುತ್ತಿದ್ದರೆ, ಇನ್ನೊಂದೆಡೆ ಯುವ ಬ್ರದರ್ ಒಬ್ಬರು ಕತ್ತೆ ಹಾರುತ್ತದೆ ಎಂಬ ಆಟ ಆಡಿಸುತ್ತಿದ್ದರು. ಯಾವುದು ಹಾರುತ್ತದೆ, ಯಾವುದು ಹಾರದು ಎಂದು ಕೈಯೆತ್ತಿ ತೋರಿಸುವ ಈ ಬಗೆಯ ಆಟ ನಮ್ಮ ಮಕ್ಕಳಿಗೂ ಹೊಸದಲ್ಲ. ಎರಡನೆಯದು ಅಂದಿನ ಅಂಗಳ. ಬಯಲು ಅದೇ, ಮಕ್ಕಳೂ ಇದ್ದಾರೆ. ಆದರೆ ಕೆಲವರು ಕಂಬಕ್ಕೊರಗಿ ನಿಂತಿದ್ದಾರೆ, ಕೆಲವರು ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದಾರೆ. ಹಿರಿಯರು ದೂರದಲ್ಲಿ ತಮ್ಮತಮ್ಮಲ್ಲೇ ಮಾತನಾಡುತ್ತ ನಡೆದಾಡುತ್ತಿದ್ದಾರೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಿದ್ದಾರೆಂದು ಮಕ್ಕಳಿಗೆ ತಿಳಿಯಬೇಕು. ಮಕ್ಕಳು ಮೆಚ್ಚುವುದನ್ನು ಹಿರಿಯರು ಮೆಚ್ಚಿದರೆ, ಹಿರಿಯರು ಬಯಸುವ ಪ್ರಾರ್ಥನೆಯನ್ನೂ ಶಿಸ್ತನ್ನೂ ಮಕ್ಕಳು ತಾವಾಗಿಯೇ ಮೆಚ್ಚುವರು ಎಂಬುದು ಆ ಪತ್ರದ ಸಾರ.

1888ರ ಜನವರಿ 31ರ ಮುಂಜಾನೆ ಡಾನ್ ಬೋಸ್ಕೊ ಪ್ರಭುವಿನಲ್ಲಿ ನಿದ್ರಿಸಿದರು. 1934ರ ಏಪ್ರಿಲ್ 1, ಪಾಸ್ಕ ಹಬ್ಬದಂದು ಜಗದ್ಗುರು ಹನ್ನೊಂದನೆಯ ಪಯಸ್ ಅವರು ಇವರನ್ನು ಸಂತರೆಂದು ಘೋಷಿಸಿದರು. 1906ರಲ್ಲಿ ತಂಜಾವೂರಿಗೆ ಬಂದ ಸಲೇಷಿಯನ್ ಗುರುಗಳ ಮೂಲಕ ಅವರ ಕಾರ್ಯ ಭಾರತಕ್ಕೂ ಬಂದಿತು. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದ 1988ನೆಯ ವರ್ಷವೇ ಈ ಸಂತರ ಮರಣದ ಶತಾಬ್ದಿಯ ವರ್ಷವೂ ಆಗಿದ್ದಿತೆಂಬುದು ನಮಗೆ ಸಂತೋಷದ ಸಂಗತಿ.

ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವದ ಈ ವೇಳೆಯಲ್ಲಿ ನಾವು ಕಟ್ಟಡಗಳನ್ನೂ ಗಂಟೆಗೋಪುರವನ್ನೂ ನೆನೆಯುತ್ತೇವೆ. ಅದರ ಜೊತೆಗೆ ದೇವಾಲಯದ ಮುಂದಿನ ಬಯಲನ್ನೂ ಒಮ್ಮೆ ನೋಡೋಣ. ಲಗೋರಿ, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಕಬಡ್ಡಿ, ಖೊಖೊ ಇವು ನಮ್ಮ ಮಕ್ಕಳು ಬಲ್ಲ ಆಟಗಳು. ಇವಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಆಟಕ್ಕೆ ಮೊದಲು ಒಂದು ನಮೋ ಮರಿಯಾ, ನಡುವೆ ದಣಿವಾರಿಸಿಕೊಳ್ಳುವಾಗ ಶುಭಸಂದೇಶದ ಒಂದು ಕಥೆ, ಕೊನೆಗೆ ಎಲ್ಲರೂ ಕೂಡಿ ಪರಮಪ್ರಸಾದದ ಸನ್ನಿಧಿಗೆ ಒಂದು ಭೇಟಿ: ಬೆಕ್ಕಿಯ ಬಾಲಕನ ಕ್ರಮ ಇಲ್ಲಿಯೂ ನಡೆಯಬಲ್ಲುದು. ಆದರೆ ಚೆಂಡನ್ನು ಮಕ್ಕಳ ಕೈಗಿತ್ತು ನಾವು ನೆರಳಲ್ಲಿ ಕುಳಿತರೆ, ಅದು ಡಾನ್ ಬೋಸ್ಕೊ ಕಂಡ ಎರಡನೆಯ ಅಂಗಳವಾದೀತು. ಧರ್ಮೋಪದೇಶಕರು, ತಂದೆತಾಯಿಗಳು, ತರುಣ ತರುಣಿಯರು ಸೆರಗು ಸಿಕ್ಕಿಸಿ, ಪಂಚೆ ಎತ್ತಿಕಟ್ಟಿ ಮಕ್ಕಳ ನಡುವೆ ಇಳಿಯಬೇಕು. ಮೂಲೆಯಲ್ಲಿ ನಿಂತ ಮಗುವನ್ನು ಕೈಹಿಡಿದು ಆಟಕ್ಕೆ ಕರೆತರಬೇಕು.

ಚಿಕ್ಕ ಮಕ್ಕಳನ್ನು ತನ್ನ ಬಳಿಗೆ ಕರೆದು ಹರಸಿದ ಪ್ರಭು ಯೇಸುಕ್ರಿಸ್ತರು, ಸಂತ ಜಾನ್ ಬೋಸ್ಕೊ ಅವರ ವಿಜ್ಞಾಪನೆಯ ಮೂಲಕ ನಮ್ಮ ಧರ್ಮಕೇಂದ್ರದ ಮಕ್ಕಳನ್ನೂ ಅವರೊಡನೆ ಆಡಬಲ್ಲ ಹಿರಿಯರನ್ನೂ ಹರಸಲಿ.