ಕಾಲಿನ್ ಚಾಪ್ಮನ್: ಗ್ಯಾರೇಜಿನಲ್ಲಿ ಹುಟ್ಟಿದ ಕಾರು

ಕಾರು ಕಂಪನಿ ಎಂದರೆ ನಮ್ಮ ಕಣ್ಣ ಮುಂದೆ ದೊಡ್ಡ ಫ್ಯಾಕ್ಟರಿ, ಸಾವಿರಾರು ಕೆಲಸಗಾರರು ಬರುತ್ತಾರೆ. ಆದರೆ ಇಂಗ್ಲೆಂಡಿನ ಪ್ರಸಿದ್ಧ ಲೋಟಸ್ ಕಾರು ಹುಟ್ಟಿದ್ದು ಒಂದು ಮನೆಯ ಹಿಂದಿನ ಚಿಕ್ಕ ಗ್ಯಾರೇಜಿನಲ್ಲಿ. ಅದನ್ನು ಕಟ್ಟಿದವರು ಆಗಿನ್ನೂ ಕಾಲೇಜು ವಿದ್ಯಾರ್ಥಿ. ಅವರೇ ಕಾಲಿನ್ ಚಾಪ್ಮನ್.

ಚಾಪ್ಮನ್ ಹುಟ್ಟಿದ್ದು 1928ರ ಮೇ 19ರಂದು. ಅವರ ತಂದೆ ಲಂಡನ್ನಿನ ಹಾರ್ನ್ಸಿ ಎಂಬಲ್ಲಿ ರೈಲ್ವೇ ಹೋಟೆಲ್ ನಡೆಸುತ್ತಿದ್ದರು. ಮಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದರು. ಜೊತೆಗೆ ವಿಮಾನ ಹಾರಿಸುವುದನ್ನೂ ಕಲಿತರು. ವಿಮಾನದಲ್ಲಿ ಪ್ರತಿಯೊಂದು ಕಿಲೋ ತೂಕಕ್ಕೂ ಲೆಕ್ಕವಿರುತ್ತದೆ. ಈ ವಿಚಾರವನ್ನು ಅವರು ಜೀವನಪೂರ್ತಿ ಮರೆಯಲಿಲ್ಲ.

ಓದುವಾಗಲೇ ಅವರು ಗೆಳೆಯನೊಬ್ಬನ ಜೊತೆ ಸೇರಿ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ ಶುರುಮಾಡಿದರು. ಎರಡನೇ ಮಹಾಯುದ್ಧದ ನಂತರ ಬ್ರಿಟನ್‌ನಲ್ಲಿ ಪೆಟ್ರೋಲಿಗೆ ರೇಷನ್ ಇತ್ತು. 1947ರ ಕೊನೆಯಲ್ಲಿ ಸರ್ಕಾರ ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಸಾಮಾನ್ಯ ರೇಷನ್ನನ್ನೂ ನಿಲ್ಲಿಸಿತು. ಪೆಟ್ರೋಲೇ ಸಿಗದಿದ್ದರೆ ಕಾರು ಯಾರು ಕೊಳ್ಳುತ್ತಾರೆ? ವ್ಯಾಪಾರ ಮುಳುಗಿತು. ಕೊನೆಗೆ ಯಾರೂ ಕೊಳ್ಳದ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರು ಅವರ ಬಳಿ ಉಳಿಯಿತು.

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಇದನ್ನು ಮಾರಾಟವಾಗದ ಸರಕು ಎಂದು ಬರೆದು ನಷ್ಟಕ್ಕೆ ಹಾಕುತ್ತೇವೆ. ಚಾಪ್ಮನ್ ಹಾಗೆ ಮಾಡಲಿಲ್ಲ. ಮುಂದೆ ತಮ್ಮ ಪತ್ನಿಯಾದ ಹೇಝಲ್ ವಿಲಿಯಮ್ಸ್ ಅವರ ತಂದೆ ತಾಯಿಯ ಮನೆಯ ಹಿಂದಿದ್ದ ಗ್ಯಾರೇಜಿಗೆ ಅದನ್ನು ತಂದರು. ಹಳೆಯ ಬಾಡಿ ಕಿತ್ತು ಹಾಕಿ, ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪ್ಲೈವುಡ್‌ನಿಂದ ಹೊಸ ಬಾಡಿ ಮಾಡಿದರು. 1948ರಲ್ಲಿ ಅದಕ್ಕೆ ಲೋಟಸ್ ಎಂದು ಹೆಸರಿಟ್ಟರು. ಕೆಸರು ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ಅದನ್ನು ಓಡಿಸಿದರು.

1952ರಲ್ಲಿ ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಕುದುರೆ ಲಾಯದಲ್ಲಿ ಲೋಟಸ್ ಕಂಪನಿ ಆರಂಭವಾಯಿತು. ಬಂಡವಾಳ ಬಹಳ ಕಡಿಮೆ. ಪೂರ್ತಿ ಕಾರು ತಯಾರಿಸಿ ಮಾರುವಷ್ಟು ಹಣವೂ ಇಲ್ಲ, ಜಾಗವೂ ಇಲ್ಲ. ಆದ್ದರಿಂದ ಅವರು ಕಾರಿನ ಭಾಗಗಳನ್ನು ಮಾತ್ರ ಮಾರಿದರು. ಜೋಡಿಸುವ ಕೆಲಸ ಗಿರಾಕಿಯದು! ಇದನ್ನೇ ಕಿಟ್ ಕಾರು ಎನ್ನುತ್ತಾರೆ.

1957ರಲ್ಲಿ ಬಂದ ಲೋಟಸ್ ಸೆವೆನ್ ಈ ರೀತಿಯ ಕಾರುಗಳಲ್ಲಿ ಅತ್ಯಂತ ಹೆಸರು ಮಾಡಿತು. ತೆಳುವಾದ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು, ಇಬ್ಬರಿಗೆ ಮಾತ್ರ ಸೀಟು. ಬಾಗಿಲೇ ಇಲ್ಲ. ತೂಕ ಸುಮಾರು 500 ಕಿಲೋ, ಅಂದರೆ ನಾವು ನೋಡಿರುವ ಮಾರುತಿ 800ಗಿಂತಲೂ ಹಗುರ. ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ಮಾಮೂಗೆ ಇದನ್ನು ಹೇಳಿದಾಗ ಅವರು ಮೊದಲು ಕೇಳಿದ್ದು ಎಂಜಿನ್ ಯಾರದು ಎಂದು. ಮೊದಲ ಸೆವೆನ್‌ನಲ್ಲಿ ಇದ್ದದ್ದು ಫೋರ್ಡ್ ಕಂಪನಿಯ 1172 ಸಿಸಿಯ ಸಾಧಾರಣ ಎಂಜಿನ್. ಸುಮಾರು 40 ಅಶ್ವಶಕ್ತಿ ಅಷ್ಟೆ. ತೂಕ ಕಡಿಮೆ ಇದ್ದುದರಿಂದ ಆ ಚಿಕ್ಕ ಎಂಜಿನ್ನೇ ಸಾಕಾಯಿತು.

ಇಲ್ಲಿ ತೆರಿಗೆಯ ಒಂದು ಸ್ವಾರಸ್ಯವೂ ಇದೆ. ಆಗ ಬ್ರಿಟನ್‌ನಲ್ಲಿ ಪೂರ್ತಿ ತಯಾರಾದ ಹೊಸ ಕಾರಿಗೆ ಖರೀದಿ ತೆರಿಗೆ ಕಟ್ಟಬೇಕಿತ್ತು. ಬಿಡಿಭಾಗಗಳ ಕಿಟ್‌ಗೆ ಆ ತೆರಿಗೆ ಇರಲಿಲ್ಲ. ಆದರೆ ಕಿಟ್ ಜೊತೆ ಜೋಡಿಸುವ ವಿಧಾನವನ್ನು ಬರೆದುಕೊಡಬಾರದು ಎಂಬ ನಿಯಮವಿತ್ತು. ಅದಕ್ಕೆ ಲೋಟಸ್‌ನವರು ಕಾರನ್ನು ಬಿಚ್ಚುವ ವಿಧಾನವನ್ನು ಬರೆದುಕೊಟ್ಟರಂತೆ. ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿದರೆ ಕಾರು ಸಿದ್ಧ! 1973ರಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂದಾಗ ಈ ಲಾಭ ಮುಗಿಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಮಾರಿದರು.

ರೇಸಿನಲ್ಲೂ ಚಾಪ್ಮನ್ ಅವರ ಮಂತ್ರ ತೂಕ ಇಳಿಸುವುದೇ. 1962ರ ಲೋಟಸ್ 25 ಕಾರಿನಲ್ಲಿ ಕೊಳವೆಗಳ ಚೌಕಟ್ಟನ್ನೇ ತೆಗೆದು, ತೊಟ್ಟಿಯಂಥ ತಗಡಿನ ಒಡಲನ್ನು ಇಟ್ಟರು. ಅದು ಹಗುರವೂ ಆಯಿತು, ಗಟ್ಟಿಯೂ ಆಯಿತು. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ಲೋಟಸ್ ಓಡಿಸಿ ವಿಶ್ವ ಚಾಂಪಿಯನ್ ಆದರು. ಚಾಪ್ಮನ್ ಬದುಕಿರುವಾಗ ಅವರ ತಂಡ ತಯಾರಕರ ವಿಶ್ವ ಪ್ರಶಸ್ತಿಯನ್ನು 7 ಬಾರಿ ಗೆದ್ದಿತು.

ಆದರೆ ತೂಕ ಇಳಿಸುವುದಕ್ಕೂ ಒಂದು ಮಿತಿ ಬೇಕು. 1969ರ ಸ್ಪೇನ್ ರೇಸಿನಲ್ಲಿ ಲೋಟಸ್‌ನ ಎರಡೂ ಕಾರುಗಳ ಹಿಂದಿನ ರೆಕ್ಕೆ ಮುರಿದು ಅಪಘಾತವಾಯಿತು. ಗಾಯಗೊಂಡ ಚಾಲಕ ಯೋಹೆನ್ ರಿಂಟ್, ಭಾಗಗಳನ್ನು ಇನ್ನಷ್ಟು ಗಟ್ಟಿ ಮಾಡಬೇಕೆಂದು ಚಾಪ್ಮನ್ ಅವರಿಗೆ ಪತ್ರ ಬರೆದರು. ಮರುವರ್ಷ ಸೆಪ್ಟೆಂಬರ್ 5ರಂದು ಇಟಲಿಯ ಮೊಂಝಾದಲ್ಲಿ ಅದೇ ರಿಂಟ್ ಲೋಟಸ್ ಕಾರಿನಲ್ಲೇ ತೀರಿಕೊಂಡರು. ಕಾರಿನ ಬ್ರೇಕಿನ ಒಂದು ಶಾಫ್ಟ್ ಮುರಿದಿತ್ತು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವರಿಗೇ ಸಿಕ್ಕಿತು, ಅದನ್ನು ಪಡೆಯಲು ಅವರು ಇರಲಿಲ್ಲ.

ಲೆಕ್ಕದಲ್ಲೂ ಹೀಗೇ ಆಯಿತು. ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಸರ್ಕಾರದ ಹಣದಿಂದ ಡಿಲೋರಿಯನ್ ಎಂಬ ಕಾರು ತಯಾರಾಗಬೇಕಿತ್ತು. ಅದರ ಎಂಜಿನಿಯರಿಂಗ್ ಕೆಲಸ ಲೋಟಸ್‌ಗೆ ಸಿಕ್ಕಿತು. ಆ ಕೆಲಸಕ್ಕೆಂದು ಕೊಟ್ಟ ಲಕ್ಷಾಂತರ ಪೌಂಡ್ ಹಣ ಬೇರೆ ದಾರಿ ಹಿಡಿಯಿತು. ಡಿಲೋರಿಯನ್ ಕಂಪನಿ ಮುಳುಗಿದ 1982ರಲ್ಲೇ, ಡಿಸೆಂಬರ್ 16ರಂದು, ಚಾಪ್ಮನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 54. ಅವರು ಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೆ ಅವರ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ ಅವರಿಗೆ 1992ರಲ್ಲಿ ಜೈಲು ಶಿಕ್ಷೆಯಾಯಿತು.

ಕಾನೂನಿನ ಒಳಗಿದ್ದು ತೆರಿಗೆ ಉಳಿಸುವುದು ಬೇರೆ, ಹಣವನ್ನು ಮರೆಮಾಡುವುದು ಬೇರೆ. ಸೆವೆನ್ ಕಿಟ್ ಮೊದಲನೆಯದಕ್ಕೆ ಉದಾಹರಣೆ, ಡಿಲೋರಿಯನ್ ಎರಡನೆಯದಕ್ಕೆ. ನಮ್ಮ ಮನೆಯ ಉರ್ದುವಿನಲ್ಲಿ ಹಿಸಾಬ್ ಎಂದರೆ ಬರೀ ಲೆಕ್ಕವಲ್ಲ, ಹಿಸಾಬ್ ಕೊಡುವುದು ಎಂದರೆ ಉತ್ತರ ಕೊಡುವುದೂ ಹೌದು. ಹಗುರವಾದ ಕಾರಿಗೂ ಯಾರೋ ಒಬ್ಬರು ಉತ್ತರ ಕೊಡಬೇಕಾಗುತ್ತದೆ.

ಅಷ್ಟಾದರೂ ಚಾಪ್ಮನ್ ಅವರ ಒಳ್ಳೆಯ ಕೆಲಸ ಉಳಿದಿದೆ. ಕೇಟರ್‌ಹ್ಯಾಮ್ ಇಂದಿಗೂ ಸೆವೆನ್ ಕಿಟ್ ಮಾರುತ್ತದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಇಂಗ್ಲಿಷ್ ಲೇಖಕರು, ಸೆವೆನ್‌ನಂಥ ಕಾರನ್ನು 250 ಪೌಂಡಿನಷ್ಟು ಕಡಿಮೆ ಖರ್ಚಿನಲ್ಲೇ ಮನೆಯಲ್ಲಿ ಕಟ್ಟುವುದು ಹೇಗೆಂದು ಪುಸ್ತಕ ಬರೆದರು. ಅದನ್ನು ಓದಿದವರು ಉಕ್ಕಿನ ಕೊಳವೆ ಕತ್ತರಿಸಿ, ವೆಲ್ಡ್ ಮಾಡಿ, ಹಳೆಯ ಫೋರ್ಡ್ ಕಾರಿನಿಂದ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ತೆಗೆದು ಕೂರಿಸುತ್ತಾರೆ. ಕಚೇರಿ ಕೆಲಸ ಮುಗಿಸಿ ಬಂದು ಸಂಜೆ ಹೊತ್ತು ಮಾಡುವ ಈ ಕೆಲಸಕ್ಕೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಮುಗಿದ ದಿನ ಆ ಕಾರಿನ ಪ್ರತಿಯೊಂದು ಬೋಲ್ಟ್ ಎಲ್ಲಿದೆ, ಎಷ್ಟು ಬಿಗಿಯಾಗಿದೆ ಎಂಬುದು ಕಟ್ಟಿದವರಿಗೆ ಗೊತ್ತಿರುತ್ತದೆ.