ನಿಘಂಟು ತಪಸ್ವಿ ಜೇಮ್ಸ್ ಮರ್ರೆ

ನಿಘಂಟನ್ನು ತೆರೆಯುವವರು ಸಾಮಾನ್ಯವಾಗಿ ತಾವರಿಯದ ದೊಡ್ಡ ಪದವೊಂದರ ಅರ್ಥವನ್ನು ಹುಡುಕುತ್ತಾರೆ. ಪುಟ್ಟ ಪದಗಳು ಎಲ್ಲರಿಗೂ ತಿಳಿದೇ ಇವೆಯೆಂಬ ಭಾವನೆ ಲೋಕದಲ್ಲಿದೆ. ನಿಘಂಟುಕಾರನ ಅನುಭವ ಇದಕ್ಕೆ ವ್ಯತಿರಿಕ್ತವಾದುದು. ಕನ್ನಡದ ‘ಹಿಡಿ’ ಎಂಬ ಪದವನ್ನೇ ನೋಡಬಹುದು. ಕಳ್ಳನನ್ನು ಹಿಡಿಯುತ್ತಾರೆ, ಊರಿನ ದಾರಿ ಹಿಡಿಯುತ್ತಾರೆ. ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ‘ಸೆಟ್’ ಎಂಬುದು ಇಂಥದೇ ಪದ. ದೀಪವನ್ನು ಮೇಜಿನ ಮೇಲಿಡುವುದು, ಸೂರ್ಯನು ಮುಳುಗುವುದು, ಮುರಿದ ಮೂಳೆಯನ್ನು ಕೂಡಿಸುವುದು, ಗಾರೆ ಗಟ್ಟಿಯಾಗುವುದು, ಪ್ರಶ್ನೆಪತ್ರಿಕೆಯನ್ನು ರಚಿಸುವುದು ಇವೆಲ್ಲವೂ ಆ ಒಂದೇ ಪದದ ಅರ್ಥಗಳು. ಗಣಿತದ ಗಣಕ್ಕೂ ಅದೇ ಹೆಸರು. ಇಂಗ್ಲಿಷಿನ ಪ್ರತಿಯೊಂದು ಪದದ ಪ್ರತಿಯೊಂದು ಅರ್ಥವೂ ಎಂದು ಬಳಕೆಗೆ ಬಂದಿತು, ಹೇಗೆ ಬೆಳೆಯಿತು ಎಂಬುದನ್ನು ದಾಖಲಿಸುವ ಮಹಾಕಾರ್ಯಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟವರು ಜೇಮ್ಸ್ ಮರ್ರೆ.

ಮರ್ರೆಯವರು 1837ರ ಫೆಬ್ರುವರಿ 7ರಂದು ಸ್ಕಾಟ್ಲೆಂಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ದರ್ಜಿ. ಬಡತನದ ಕಾರಣದಿಂದ ಅವರ ಶಾಲಾ ವಿದ್ಯಾಭ್ಯಾಸ ಹದಿನಾಲ್ಕನೆಯ ವಯಸ್ಸಿಗೇ ಮುಗಿಯಿತು. ಕಲಿಕೆ ಮಾತ್ರ ಮುಗಿಯಲಿಲ್ಲ. ಅವರು ಸ್ವಂತ ಪರಿಶ್ರಮದಿಂದ ಅನೇಕ ಭಾಷೆಗಳನ್ನು ಕಲಿತರು. ಹದಿನೇಳನೆಯ ವಯಸ್ಸಿನಲ್ಲಿ ಹಾವಿಕ್ ಪಟ್ಟಣದ ಶಾಲೆಯೊಂದರಲ್ಲಿ ಸಹಾಯಕ ಉಪಾಧ್ಯಾಯರಾದರು. ಮೂರು ವರ್ಷಗಳಲ್ಲಿ ಮುಖ್ಯೋಪಾಧ್ಯಾಯರಾದರು. ಪತ್ನಿಯ ಅನಾರೋಗ್ಯದ ನಿಮಿತ್ತ ಲಂಡನ್ನಿಗೆ ಬಂದು ಬ್ಯಾಂಕಿನ ಗುಮಾಸ್ತರಾಗಿ ದುಡಿದರು. ಆಕೆ ಉಳಿಯಲಿಲ್ಲ. ಕೆಲಕಾಲದ ಮೇಲೆ ಅವರು ಏಡಾ ಎಂಬವರನ್ನು ವಿವಾಹವಾದರು; 1870ರಲ್ಲಿ ಮಿಲ್ ಹಿಲ್ ಶಾಲೆಯಲ್ಲಿ ಮತ್ತೆ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡರು.

ಇಂಗ್ಲಿಷಿಗೆ ಹೊಸ ನಿಘಂಟೊಂದು ಬೇಕೆಂಬ ಚಿಂತನೆ ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ 1857ರಲ್ಲೇ ಮೊಳೆತಿತ್ತು. ಓದುಗರು ಹಳೆಯ, ಹೊಸ ಗ್ರಂಥಗಳಿಂದ ವಾಕ್ಯಗಳನ್ನು ಆರಿಸಿ, ಗ್ರಂಥದ ಹೆಸರು ಮತ್ತು ಕಾಲದೊಡನೆ ಚೀಟಿಗಳಲ್ಲಿ ಬರೆದು ಕಳುಹಿಸಬೇಕಾಗಿತ್ತು. 1879ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದೊಡನೆ ಒಪ್ಪಂದವಾಗಿ, ಸಂಪಾದಕತ್ವವು ಮರ್ರೆಯವರ ಹೆಗಲೇರಿತು. ಹತ್ತು ವರ್ಷಗಳಲ್ಲಿ ಕಾರ್ಯ ಮುಗಿಯುವುದೆಂದು ಎಲ್ಲರೂ ನಂಬಿದ್ದರು. ಅವರು ಮನೆಯ ಮುಂದೆ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಚೀಟಿಗಳನ್ನಿಡಲು 1,029 ಗೂಡುಗಳನ್ನು ಮಾಡಿಸಿದರು.

ಚೀಟಿಗಳನ್ನು ವಿಂಗಡಿಸಿದಾಗ ವಿಚಿತ್ರವಾದ ಕೊರತೆಯೊಂದು ಕಂಡುಬಂದಿತು. ಓದುಗರು ಅಪರೂಪದ ಪದಗಳನ್ನು ಉತ್ಸಾಹದಿಂದ ಆರಿಸಿದ್ದರು. ನಿತ್ಯದ ಪದಗಳನ್ನು ಗಮನಿಸದೆ ದಾಟಿಹೋಗಿದ್ದರು. ‘ಅಬ್ಯೂಷನ್’ ಎಂಬ ಬಳಕೆತಪ್ಪಿದ ಪದಕ್ಕೆ ಸುಮಾರು ಐವತ್ತು ಚೀಟಿಗಳಿದ್ದವು. ಎಲ್ಲರ ಬಾಯಲ್ಲಿರುವ ‘ಅಬ್ಯೂಸ್’ ಎಂಬುದಕ್ಕೆ ಐದೂ ಇರಲಿಲ್ಲ! ಸಾಮಾನ್ಯ ಪದಗಳಿಗೂ ವಾಕ್ಯಗಳನ್ನು ಆರಿಸಿರೆಂದು ಮರ್ರೆಯವರು ಓದುಗರನ್ನು ಬೇಡಿದರು. ಬಂದ ಚೀಟಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಒಂದು ಅರ್ಥದಿಂದ ಮತ್ತೊಂದು ಅರ್ಥ ಕವಲೊಡೆದ ಬಗೆಯನ್ನು ಗುರುತಿಸಬೇಕಾಗಿತ್ತು. ಪದ ಚಿಕ್ಕದಾದಷ್ಟೂ ಕವಲುಗಳು ಹೆಚ್ಚು.

ಮೊದಲ ಸಂಚಿಕೆ 1884ರಲ್ಲಿ ಹೊರಬಿದ್ದಿತು. ಐದು ವರ್ಷಗಳು ಸಂದಿದ್ದವು. ನಿಘಂಟು ‘ಆಂಟ್’ ಎಂಬ ಪದದವರೆಗೆ ಮಾತ್ರ ಸಾಗಿತ್ತು! ಮರುವರ್ಷ ಮರ್ರೆಯವರು ಶಾಲೆಯ ಕೆಲಸವನ್ನು ಬಿಟ್ಟು ಆಕ್ಸ್‌ಫರ್ಡಿಗೆ ಬಂದರು. ಅಲ್ಲಿ ಹಿತ್ತಲಿನಲ್ಲಿ, ನೆರೆಯವರ ನೋಟಕ್ಕೆ ಅಡ್ಡಿಯಾಗದಂತೆ ನೆಲವನ್ನಗೆದು, ಅರ್ಧ ಹುದುಗಿಸಿದ ಕೊಠಡಿಯಲ್ಲಿ ಕಾರ್ಯ ಮುಂದುವರಿಯಿತು. ಚಳಿಗಾಲದಲ್ಲಿ ತಣ್ಣನೆಯ ಗಾಳಿಯಿಂದ ಪಾರಾಗಲು ಅವರು ಕಾಲುಗಳನ್ನು ಪೆಟ್ಟಿಗೆಯೊಂದರಲ್ಲಿಟ್ಟುಕೊಂಡು ಬರೆಯುತ್ತಿದ್ದರು. ಹನ್ನೊಂದು ಮಂದಿ ಮಕ್ಕಳೂ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ನೆರವಾದರು. ಪತ್ರಗಳ ದಟ್ಟಣೆಯಿಂದಾಗಿ ಅಂಚೆ ಇಲಾಖೆಯವರು ಮನೆಯ ಮುಂದೆಯೇ ಅಂಚೆಪೆಟ್ಟಿಗೆಯೊಂದನ್ನು ನೆಟ್ಟರು.

ವೆಚ್ಚ ಏರುತ್ತಿರಲು, ಕೆಲಸವನ್ನು ಬೇಗ ಮುಗಿಸಬೇಕು, ವಿವರಗಳನ್ನು ಕಡಿಮೆ ಮಾಡಬೇಕು ಎಂಬ ಒತ್ತಡ ಮುದ್ರಣಾಲಯದ ಆಡಳಿತದಿಂದ ಮತ್ತೆ ಮತ್ತೆ ಬಂದಿತು. ಆದರೆ ಒಂದು ಅರ್ಥವನ್ನು ಕೈಬಿಟ್ಟರೂ ಆ ಪದದ ಚರಿತ್ರೆ ಹರಿದುಹೋಗುತ್ತದೆ. ಆದ್ದರಿಂದ ಮರ್ರೆಯವರು ದುಡಿಮೆಯ ಹೊತ್ತನ್ನು ಹೆಚ್ಚಿಸಿದರೇ ಹೊರತು ಕೆಲಸದ ಮಟ್ಟವನ್ನು ಇಳಿಸಲಿಲ್ಲ. ಮುಂದೆ ಹೆನ್ರಿ ಬ್ರಾಡ್ಲಿ ಮೊದಲಾದವರು ಸಹಸಂಪಾದಕರಾಗಿ ಹೊರೆಯನ್ನು ಹಂಚಿಕೊಂಡರು. ‘ಪುಟ್’, ‘ಟೇಕ್’ ಎಂಬ ಪದಗಳು ಮರ್ರೆಯವರ ಪಾಲಿನ ಅಕ್ಷರಗಳಲ್ಲಿದ್ದವು. ‘ಸೆಟ್’ ಬ್ರಾಡ್ಲಿಯವರ ಪಾಲಿಗೆ ಬಂದಿತು. ಮರ್ರೆಯವರು ಹಾಕಿಕೊಟ್ಟ ಕ್ರಮದಲ್ಲಿಯೇ ಆ ಮೂರಕ್ಷರದ ಕ್ರಿಯಾಪದವು 154 ಮುಖ್ಯ ವಿಭಾಗಗಳಾಗಿ, 18ಕ್ಕೂ ಹೆಚ್ಚು ಪುಟಗಳಿಗೆ ಹರಡಿ, ಇಡೀ ನಿಘಂಟಿನ ಅತಿ ದೀರ್ಘ ಪದವಿವರಣೆಯಾಯಿತು.

1908ರಲ್ಲಿ ಮರ್ರೆಯವರಿಗೆ ಸರ್ ಪದವಿ ದೊರೆಯಿತು. ತಮ್ಮ ಎಂಬತ್ತನೆಯ ಹುಟ್ಟುಹಬ್ಬದ ವೇಳೆಗೆ ನಿಘಂಟನ್ನು ಮುಗಿಸಬೇಕೆಂಬುದು ಅವರ ಹಂಬಲವಾಗಿತ್ತು. ಅದು ಈಡೇರಲಿಲ್ಲ. ‘ಟಿ’ ಅಕ್ಷರದ ಕೆಲಸದಲ್ಲಿ ತೊಡಗಿದ್ದಾಗಲೇ, 1915ರ ಜುಲೈ 26ರಂದು ಅವರು ಕಾಲವಾದರು. 1928ರಲ್ಲಿ ನಿಘಂಟು ಪೂರ್ಣಗೊಂಡಾಗ ಅದರಲ್ಲಿ 4,14,825 ಪದಗಳಿದ್ದವು. ಸುಮಾರು ಅರ್ಧಭಾಗ ಮರ್ರೆಯವರೊಬ್ಬರದೇ ಸಂಪಾದನೆ.

ಭಾಷೆಯೇನೂ ಅಲ್ಲಿಗೆ ನಿಲ್ಲಲಿಲ್ಲ. 1989ರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದದ ಅರ್ಥಗಳು ಸುಮಾರು 430 ಆದವು. 2011ರ ವೇಳೆಗೆ ಪರಿಷ್ಕೃತವಾದ ‘ರನ್’ ಎಂಬ ಮತ್ತೊಂದು ಪುಟ್ಟ ಪದ 645 ಅರ್ಥಗಳೊಡನೆ ಅದನ್ನೂ ಮೀರಿಸಿತು. ಸಾಮಾನ್ಯವೆಂದು ಜನರು ಕಡೆಗಣಿಸುವ ಪದಗಳಲ್ಲಿಯೇ ಭಾಷೆಯ ಬಾಳು ಅಡಗಿದೆ ಎಂಬುದನ್ನು ಮರ್ರೆಯವರು ಮೂವತ್ತಾರು ವರ್ಷಗಳ ದುಡಿಮೆಯಿಂದ ತೋರಿಸಿಕೊಟ್ಟರು.